ನಾಹಾದಲ್ಲಿ ಹತ್ತು ದಿನ

"ಕೋಟೆಗೆ ಹೋದದ್ದು ಯಾವತ್ತು?"

"ಎರಡನೇ ದಿನ."

"ಮೂರನೇ ದಿನ ರೀ. ಎರಡನೇ ದಿನ ಕುಂಬಾರರ ಬೀದಿ. ಅಲ್ಲಿ ಹೀಗೆ ತಡವರಿಸಿದ್ರೆ ಮುಗೀತು ನಮ್ಮ ಕಥೆ."

ಬೂಟು ಹಾಕಿಕೊಳ್ಳುತ್ತಿದ್ದ ಗಂಡನಿಂದ ಮೀರಾ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಡಾಕ್ಟರ್ ಲಕ್ಷ್ಮೀಶ ಮತ್ತೆ ಶುರುಮಾಡಿದ. ನಾಹಾ, ಜಪಾನಿನ ದಕ್ಷಿಣದ ದ್ವೀಪದೂರು. ಮೊನೊರೈಲು. ಮೀನು ಮಾರುಕಟ್ಟೆ. ಶುರಿ ಕೋಟೆ. ದೋಣಿಯಲ್ಲಿ ಹವಳ ನೋಡಿದ್ದು ಆರನೇ ದಿನ.

ಇಬ್ಬರೂ ನಾಹಾ ನೋಡಿರಲಿಲ್ಲ. ಆ ಹತ್ತು ದಿನ ಅವರು ಲಂಡನ್ನಿನ ಹ್ಯಾರೋದ ತಮ್ಮ ಮನೆಯಲ್ಲೇ ಪರದೆ ಎಳೆದುಕೊಂಡು ಕೂತಿದ್ದರು.

ಕಾರಣ ನರಸಿಂಹಮೂರ್ತಿ, ಲಕ್ಷ್ಮೀಶನ ದೊಡ್ಡಪ್ಪನ ಮಗ. ಮೈಸೂರಿನಿಂದ ಹೆಂಡತಿಯೊಡನೆ ಲಂಡನ್ ನೋಡಲು ಹೊರಟಿದ್ದ. "ನಿಮ್ಮನೆ ಇದೆಯಲ್ಲ" ಎಂದಿದ್ದ. ಹಾಗೆನ್ನುವ ಹಕ್ಕು ಅವನಿಗಿತ್ತು. ಡಾಕ್ಟರಿಕೆ ಓದುವಾಗ ಲಕ್ಷ್ಮೀಶ ಐದು ವರ್ಷ ಉಂಡದ್ದು ಮೂರ್ತಿಯ ಮನೆಯಲ್ಲಿ. ಆದರೆ ಒಂದು ತಿಂಗಳು ಅವನನ್ನು ಸಹಿಸುವುದು ಮೀರಾಳಿಂದ ಆಗುವಂತಿರಲಿಲ್ಲ. ಆಗ ಹುಟ್ಟಿದ್ದು ಜಪಾನ್. ಟೋಕಿಯೋಗೆ ಪರಿಚಯದವರೆಲ್ಲ ಹೋಗಿ ಬಂದಿದ್ದರು. ನಾಹಾಗೆ ಯಾರೂ ಹೋಗಿರಲಿಲ್ಲ.

ಮೂರ್ತಿಗೆ ಹತ್ತಿರದ ಕೊಲಿಂಡೇಲ್‌ನಲ್ಲಿ ಇಡೀ ತಿಂಗಳಿಗೆ ರೂಮು ಹುಡುಕಿಕೊಟ್ಟವನು ಹಿಂದಿನ ಬೀದಿಯ ದಾನಪ್ಪ, ಧಾರವಾಡದವನು. ಕೇಳಿದ್ದಕ್ಕೆ ಇಲ್ಲ ಅನ್ನುವ ಜಾತಿಯೇ ಅಲ್ಲ.

ಅಡಗಿ ಕೂರುವುದು ಮೊದಮೊದಲು ಮಜವಾಗಿತ್ತು. ಬೆಳಿಗ್ಗೆ ಇಂಟರ್ನೆಟ್ಟಿನಿಂದ ಒಂದು ಸಮುದ್ರ ತೆಗೆದು ಬಳಗದ ಗ್ರೂಪಿಗೆ ಹಾಕುವುದು, ಮಧ್ಯಾಹ್ನ ಸಾರು ಅನ್ನ ಉಣ್ಣುವುದು. ನಾಲ್ಕನೇ ದಿನ ಹನ್ನೊಂದು ಗಂಟೆಗೆ ಬೆಲ್ ಹೊಡೆಯಿತು. ಇಬ್ಬರೂ ಕಲ್ಲಾದರು. ಅಷ್ಟರಲ್ಲಿ ಒಲೆಯ ಮೇಲಿದ್ದ ಕುಕ್ಕರ್ ಕೂಗಿತು. ಇನ್ನೊಮ್ಮೆ ಕೂಗಿತು. ಮೀರಾ ತೆವಳಿಕೊಂಡು ಹೋಗಿ ಆರಿಸಿದಳು. ಮೂರನೇ ಸೀಟಿ ಅರ್ಧಕ್ಕೇ ಸತ್ತಿತು.

"ಮೂರ್ತೀನೇ. ಪರೀಕ್ಷೆ ಮಾಡಕ್ಕೆ ಬಂದಿದಾನೆ. ಅಲ್ಲಾಡಬೇಡ ಕಣೇ," ಎಂದು ಲಕ್ಷ್ಮೀಶ ಪಿಸುಗುಟ್ಟಿದ.

ಬೆಲ್ ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ಗೇಟು ಕಿರುಗುಟ್ಟಿತು, ಕಾಲೆಳೆದುಕೊಂಡು ಹೋಗುವ ಸದ್ದು ಕೇಳಿತು. ಮೂರ್ತಿಗೆ ಮಂಡಿನೋವಿತ್ತು. ಹತ್ತನೇ ದಿನ ಬಾಗಿಲು ತೆರೆದಾಗ ಮೆಟ್ಟಿಲ ಬಳಿ ಹೂಕುಂಡ ಉರುಳಿತ್ತು, ಪಕ್ಕದಲ್ಲಿ ಒಣಗಿದ ಕೊತ್ತಂಬರಿ ಕಟ್ಟು. ನರಿಯ ಕೆಲಸ ಎಂದಳು ಮೀರಾ. ಹ್ಯಾರೋದ ನರಿಗಳು ಕೊತ್ತಂಬರಿಯನ್ನೂ ತಿನ್ನುತ್ತವೆಂದು ಇಬ್ಬರೂ ಒಪ್ಪಿಕೊಂಡರು.

ಅದೇ ವಾರ ದಾನಪ್ಪ ತೀರಿಕೊಂಡಿದ್ದ. ತನ್ನ ಮನೆಯ ಹೊಸ್ತಿಲಲ್ಲಿ ಕುಸಿದನಂತೆ. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ತಡವಾಗಿತ್ತಂತೆ. ಇವರು ಹೋಗುವಂತಿರಲಿಲ್ಲ. ಜಪಾನ್ ದೂರ ನೋಡಿ.

ಈಗ ನೀಲವ್ವನನ್ನು, ದಾನಪ್ಪನ ಹೆಂಡತಿಯನ್ನು, ಮಾತಾಡಿಸಲು ಹೋಗಲೇಬೇಕಿತ್ತು. ಕೈಯಲ್ಲಿ ನಾಹಾದ ಉಡುಗೊರೆಯೂ ಇತ್ತು: ಅಂಗೈಯಗಲದ ಎರಡು ಮಣ್ಣಿನ ಸಿಂಹ, ಆನ್‌ಲೈನಿನಲ್ಲಿ ತರಿಸಿದ್ದು.

ದಾನಪ್ಪನ ಫೋಟೋದ ಮುಂದೆ ದೀಪವಿತ್ತು. ಅದರ ಪಕ್ಕದ ಸೋಫಾದಲ್ಲಿ ನರಸಿಂಹಮೂರ್ತಿ ಕೂತಿದ್ದ.

"ಬಾರಪ್ಪ ಜಪಾನಿ," ಎಂದ ಮೂರ್ತಿ. "ಆ ಕೋಟೆ ಸುಟ್ಟುಹೋಗಿದೆಯಂತಲ್ಲ, ಏನು ನೋಡಿದ್ರಿ?"

"ಮತ್ತೆ ಕಟ್ತಿದಾರೆ ಭಾವ. ಅದನ್ನೇ ನೋಡಕ್ಕೆ ಬಿಡ್ತಾರೆ," ಎಂದಳು ಮೀರಾ. ಪಾಠದಲ್ಲಿ ಇದ್ದದ್ದೇ.

"ಸರಿ. ಅಷ್ಟೊಂದು ಫೋಟೋ ಹಾಕಿದ್ರಲ್ಲ, ಒಂದರಲ್ಲೂ ನೀವಿಲ್ಲ?"

ಇದು ಪಾಠದಲ್ಲಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಗಿರಾಕಿ ಲಕ್ಷ್ಮೀಶ; ಬಿಸಿಲು, ಫೋನು, ಚಾರ್ಜು ಎಂದು ಒಂದೇ ಉಸಿರಿಗೆ ಏನೇನೋ ಹೇಳತೊಡಗಿದ. ಮೂರ್ತಿಯ ಹುಬ್ಬು ಮೇಲೇರಿತು. ಇನ್ನು ಸಂಜೆಯೊಳಗೆ ಮೈಸೂರಿಗೆಲ್ಲ ಗೊತ್ತಾಗುತ್ತದೆ, ಐದು ವರ್ಷದ ಅನ್ನಕ್ಕೆ ಬಾಗಿಲು ಹಾಕಿಕೊಂಡವನೆಂದು.

"ಬಿಡ್ರಿ, ಮೂರ್ತಿಯವರ." ಚಹಾ ತಂದ ನೀಲವ್ವ ಮೆಲ್ಲಗೆ ಹೇಳಿದಳು. "ಇವರು ಊರಾಗ ಇರಲಿಲ್ಲ ಅನ್ನೋದಕ್ಕ ನಾನ ಸಾಕ್ಷಿ. ಇದ್ದಿದ್ರ, ಡಾಕ್ಟ್ರು ಅವತ್ತ ಓಡಿ ಬರ್ತಿರಲಿಲ್ಲೇನು?"

ಮೂರ್ತಿ ನಾಚಿದ. "ತಪ್ಪು ತಿಳ್ಕೋಬೇಡಪ್ಪ," ಎಂದು ತಮ್ಮನ ಬೆನ್ನು ಸವರಿದ. ಮೀರಾಳಿಗೆ ನೀಲವ್ವನ ಕಾಲಿಗೆ ಬೀಳಬೇಕೆನ್ನಿಸಿತು. ಮುಂದಿನ ಅರ್ಧ ಗಂಟೆ ನೀಲವ್ವನೇ ಕೇಳುತ್ತಾ ಹೋದಳು, ಹವಳ ಯಾವ ಬಣ್ಣ, ಮರಳು ಸುಡುತ್ತಿತ್ತೋ ಇಲ್ಲವೋ. ಗಂಡ ಹೆಂಡತಿ ಗೆಲುವಾಗಿ ಹೇಳಿದರು. ಸಿಂಹಗಳ ಕಥೆಯನ್ನೂ ಹೇಳಿದರು: ಬಾಗಿಲ ಆಚೀಚೆ ಕಾವಲು ಕೂರುತ್ತವೆ. ಬಾಯಿ ತೆರೆದದ್ದು ಕೇಡನ್ನು ಓಡಿಸುತ್ತದೆ, ಬಾಯಿ ಮುಚ್ಚಿದ್ದು ಮನೆಯ ಒಳ್ಳೆಯದನ್ನು ಹೊರಗೆ ಬಿಡುವುದಿಲ್ಲ.

ಹೊರಡುವಾಗ ನೀಲವ್ವ ಗೇಟಿನ ತನಕ ಬಂದಳು. ಸೆರಗಿನಿಂದ ಒಂದು ಸಿಂಹ ತೆಗೆದು ಮೀರಾಳ ಕೈಗಿಟ್ಟಳು. ಬಾಯಿ ಮುಚ್ಚಿದ್ದು.

"ಇದನ್ನ ನಿಮ್ಮ ಬಾಗಲಕ್ಕ ಇಡ್ರಿ."

"ಯಾಕೆ ನೀಲವ್ವ? ಜೋಡಿ ಅದು."

ನೀಲವ್ವ ಮನೆಯ ಕಡೆ ತಿರುಗಿ ನೋಡಿದಳು. ಮೂರ್ತಿ ಒಳಗೇ ಇದ್ದ.

"ಅವತ್ತ ಅಂಗಡಿಂದ ಕೊತ್ತಂಬರಿ ತಗೊಂಡು ಬರೂಮುಂದ ನಮ್ಮವರು ಎದಿ ಹಿಡ್ಕೊಂಡು ನಿಮ್ಮ ಮೆಟ್ಟಲ ಮ್ಯಾಲ ಕುಂತ್ರು. ನೀವು ಇಲ್ಲಂತ ಗೊತ್ತಿದ್ರೂ ನನ್ನ ಕೈ ಬೆಲ್ಲಿಗೆ ಹೋತು. ಇನ್ನೊಂದು ಕೈಯಾಗ ಆಂಬ್ಯುಲೆನ್ಸಿಗೆ ಹಚ್ಚಾಕ ಫೋನ್ ಹಿಡಿದಿದ್ದೆ."

ಅವಳ ದನಿ ಏರಲಿಲ್ಲ.

"ಅಷ್ಟರಾಗ ಒಳಗ ಕುಕ್ಕರ್ ಕೂಗ್ತು, ಡಾಕ್ಟ್ರು ಮನ್ಯಾಗ ಅದಾರ, ಈಗ ಬಾಗಲಾ ತೆಗೀತಾರ ಅಂತ ಫೋನ್ ಕೆಳಗಿಟ್ಟು ಕಾಯ್ದೆ."