ಬೆಲ್ಲದ ಹದ

ತಿಂಡಿ ತುಂಬಿ ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು. ಸರಕಾರ ಈ ಬಗ್ಗೆ ಇನ್ನೂ ಕಾಯ್ದೆ ಮಾಡಿಲ್ಲ ಎಂಬುದೊಂದನ್ನು ಬಿಟ್ಟರೆ, ಬಾಗಲಕೋಟೆಯ ನವನಗರದಲ್ಲಿ ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸಬೇಕು. ಗುರುಲಿಂಗವ್ವನ ಸ್ಟೀಲಿನ ಡಬ್ಬಿ ಶೀಗಿ ಹುಣ್ಣಿಮೆಗೆ ಶೇಂಗಾ ಹೋಳಿಗೆಯನ್ನು, ದೀಪಾವಳಿಗೆ ಕರ್ಚಿಕಾಯಿಯನ್ನು ಹೊತ್ತು ತಬಸುಮಳ ಮನೆಗೆ ಹೋಗುತ್ತಿತ್ತು. ಬರುವಾಗ ಸಕ್ಕರೆಯನ್ನೋ ಉತ್ತತ್ತಿಯನ್ನೋ ಹೊತ್ತು ಬರುತ್ತಿತ್ತು. ಒಲೆ ಕಂಡ ಪದಾರ್ಥ ಅದರಲ್ಲಿ ಎಂದೂ ಬಂದದ್ದಿಲ್ಲ. ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಮೊದಲು, ಇಬ್ಬರೂ ಒಂದೇ ಓಣಿಯಲ್ಲಿದ್ದಾಗಿನಿಂದ ಹೀಗೆಯೇ ನಡೆದು ಬಂದಿತ್ತು. ಲಿಂಗ ಕಟ್ಟಿದವರ ಮನೆಯಲ್ಲಿ ತನ್ನ ಮನೆಯ ಅಡಿಗೆ ಉಣ್ಣುವುದಿಲ್ಲವೆಂದು ತಬಸುಮಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗ ಬರದಂತೆ ಅವಳೇ ನಡೆದುಕೊಂಡಿದ್ದಳು.

ಈ ಸಲ ಪ್ರಸಂಗ ತಂದುಕೊಂಡವಳು ಗುರುಲಿಂಗವ್ವನೇ. ಹುಣ್ಣಿಮೆಯ ದಿನ ಅವಳ ಮನೆಯಲ್ಲಿ ಕೂತು ಹೋಳಿಗೆ ತಿನ್ನುತ್ತ ತಬಸುಮ, ಇದರ ಹದ ಹೇಗೆ ಹಿಡಿಯುತ್ತೀರಿ ಎಂದು ಪ್ರತಿ ವರ್ಷದಂತೆ ಕೇಳಿದಳು. ಶೇಂಗಾ ಕೆಂಪಗೆ ಹುರಿದು ಸಿಪ್ಪೆ ಕೇರಬೇಕು, ಎಳ್ಳು ಬೆರೆಸಬೇಕು, ಬೆಲ್ಲ ಮಾತ್ರ ಕೈಯ ಅಂದಾಜು ಎಂದು ಗುರುಲಿಂಗವ್ವ ಪ್ರತಿ ವರ್ಷದಂತೆ ಹೇಳಿದಳು. ಹೊಗಳಿಸಿಕೊಂಡ ಖುಷಿಯಲ್ಲಿ ಇನ್ನೊಂದು ಮಾತು ಹೆಚ್ಚಿಗೆ ಬಂತು.

“ವರ್ಷಾ ಬರೇ ಕೇಳ್ತಿ. ಒಮ್ಮೆ ಮಾಡಿ ಕಳಸು, ನೋಡೂಣು.”

ತಬಸುಮ ಮಾಡಿ ಕಳಿಸಿದಳು. ಅವಳ ಮಗ ಫೈಜಾನ ಡಬ್ಬಿ ಕೊಟ್ಟು, ಬೈಕಿನಿಂದ ಇಳಿಯದೆಯೇ ಹೋದ. ಗುರುಲಿಂಗವ್ವ ಮುಚ್ಚಳ ತೆಗೆದಳು, ಒಳಗಿದ್ದ ಹೋಳಿಗೆ ನೋಡಿದಳು, ಮುಚ್ಚಿದಳು. ಬಸವ ಜಯಂತಿಯ ದಿನ ಅಕ್ಕನ ಬಳಗದ ವೇದಿಕೆಯಲ್ಲಿ ನಿಂತು ಕುಲವಿಲ್ಲ, ಮೈಲಿಗೆಯಿಲ್ಲ ಎಂದು ಚಲೋ ಮಾತಾಡಿದಾಕೆ ಅವಳು. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದವಳು ತಬಸುಮ. ಆದರೆ ಅಂದು ವೇದಿಕೆಯ ಮೇಲೆ ಹೋಳಿಗೆ ಇರಲಿಲ್ಲ.

“ಕೊಡ್ರಿ ಅತ್ತಿ, ನಾ ತಿಂತೇನಿ” ಎಂದು ಸೊಸೆ ಶೀಲಾ ಕೈ ಚಾಚಿದಳು.

“ಬ್ಯಾಡ. ಯಾ ಹಂಚಿನ ಮ್ಯಾಲೆ ಬೇಯಿಸ್ಯಾರೋ ಏನೋ.”

ಹೋಳಿಗೆಗಳು ಗೇಟಿನ ಮುಂದೆ ನಿಲ್ಲುವ ಆಕಳ ಹೊಟ್ಟೆ ಸೇರಿದವು. ತಿನ್ನುವ ಪದಾರ್ಥ ಕಸಕ್ಕೆ ಹೋಗಲಿಲ್ಲವೆಂಬ ಸಮಾಧಾನವೂ ಗುರುಲಿಂಗವ್ವನಿಗೆ ಸಿಕ್ಕಿತು.

ಮರುದಿನ ಸ್ವತಃ ತಬಸುಮಳೇ ಬಂದಳು. ಚೀಲದಲ್ಲಿ ಇನ್ನೊಂದು ಡಬ್ಬಿ ಇತ್ತು. ಗೇಟು ತೆರೆಯುವಾಗಲೇ ನಗುತ್ತಿದ್ದಳು. ಅವಳು ಏನು ಕೇಳಬಹುದೆಂದು ಊಹಿಸಿದ ಗುರುಲಿಂಗವ್ವ, ಕೇಳುವ ಮೊದಲೇ ಶುರು ಮಾಡಿದಳು.

“ಏನ ಹೋಳಗಿ ಮಾಡಿದಿ ತಬಸುಮ! ಎರಡ ತಿಂದ್ನಿ. ಬೆಲ್ಲ ಅಂದ್ರ ಬೆಲ್ಲ, ನಾ ಹಾಕಿದಂಗ ಆಗೈತಿ.”

ತಬಸುಮಳ ನಗು ಹಾಗೆಯೇ ನಿಂತಿತು, ಎಲ್ಲರೂ ಎದ್ದುಹೋದ ಕೋಣೆಯಲ್ಲಿ ಆರಿಸಲು ಮರೆತ ದೀಪದಂತೆ.

“ಅಕ್ಕಾ, ಅದರಾಗ ಬೆಲ್ಲನ ಇದ್ದಿದ್ದಿಲ್ರಿ.”

ಅವಳ ಗಂಡನಿಗೆ ಸಕ್ಕರೆ ಕಾಯಿಲೆ. ಅವರ ಬಾಯಿಚಪಲಕ್ಕೆಂದು ಬೆಲ್ಲ ಹಾಕದೆ ನಾಲ್ಕು ಹೋಳಿಗೆ ಬೇರೆ ಮಾಡಿಟ್ಟಿದ್ದಳು. ಫೈಜಾನ ಅದೇ ಡಬ್ಬಿಯನ್ನು ಇಲ್ಲಿಗೆ ತಂದಿದ್ದ. ಸಿಹಿಯದನ್ನು ಆ ಮನುಷ್ಯ ತುಟಿಪಿಟಕ್ಕೆನ್ನದೆ ಮುಗಿಸಿಬಿಟ್ಟಿದ್ದರು. ಅದಕ್ಕೇ ಮತ್ತೆ ಬೆಲ್ಲ ಹಾಕಿ ಮಾಡಿ ತಂದಿದ್ದಳು. ಗುರುಲಿಂಗಕ್ಕ ಈಗ ನನ್ನನ್ನು ಎಷ್ಟು ಬೈದುಕೊಳ್ಳುತ್ತಿದ್ದಾರೋ ಎಂದು ದಾರಿಯುದ್ದಕ್ಕೂ ನಕ್ಕೊಂಡು ಬಂದಿದ್ದಳು. ನಗಿಸಲೆಂದು ಹೊತ್ತು ತಂದ ಇದನ್ನೆಲ್ಲ ಈಗ ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿ ಮುಗಿಸಿದಳು. ಶೀಲಾ ಚಹಾ ಮಾಡುವ ನೆಪದಲ್ಲಿ ಒಳಗೆ ಹೋದಳು. ಗುರುಲಿಂಗವ್ವ ಗೇಟಿನ ಕಡೆ ನೋಡಿದಳು. ಆಕಳನ್ನು ಕೇಳಿದ್ದರೆ ಅದು ನಿಜ ಹೇಳುತ್ತಿತ್ತು.

ಕೊನೆಗೆ ದಾರಿ ಮಾಡಿಕೊಟ್ಟವಳೂ ತಬಸುಮಳೇ.

“ಎಳ್ಳು ಭಾಳ ಹಾಕಿದ್ದೆರಿ ಅಕ್ಕಾ. ಅದರ ಸವಿ ಇರ್ತೈತಲ್ಲ, ನಿಮಗ ಬೆಲ್ಲ ಅನಿಸಿರಬೇಕು.”

“ಹೌದು,” ಎಂದಳು ಗುರುಲಿಂಗವ್ವ. “ಎಳ್ಳು.”

ಆಮೇಲೆ ಯಾರೂ ಹೇಳದಿದ್ದರೂ ಹೊಸ ಡಬ್ಬಿ ತೆರೆದು, ತಬಸುಮಳ ಎದುರಿಗೇ ಒಂದು ಹೋಳಿಗೆ ಮುರಿದು ಬಾಯಿಗಿಟ್ಟಳು. ಅಂಚು ಗರಿಗರಿ, ನಡುವೆ ಮೆತ್ತಗೆ, ಬೆಲ್ಲ ಎಷ್ಟು ಬೇಕೋ ಅಷ್ಟು. ತನ್ನದು ಒಮ್ಮೆಯೂ ಇಷ್ಟು ಹದವಾಗಿ ಬಂದದ್ದು ಅವಳಿಗೆ ನೆನಪಾಗಲಿಲ್ಲ. ಖರೆ ಅಂದ್ರ ನನಗಿಂತ ಚಲೋ ಆಗ್ಯಾವ ಎಂದಳು. ತಬಸುಮ “ಹೌದ್ರಿ” ಎಂದಳು, ಚಹಾ ಕುಡಿದಳು, ಶೀಲಾಳ ತವರಿನವರ ಆರೋಗ್ಯ ವಿಚಾರಿಸಿ ಎದ್ದಳು. ಈಗ ಆಡಬೇಕಾದ ಹೊಗಳಿಕೆಯನ್ನು ಗುರುಲಿಂಗವ್ವ ಆಗಲೇ ಖರ್ಚು ಮಾಡಿಬಿಟ್ಟಿದ್ದಳು.

ದೀಪಾವಳಿಗೆ ಅವಳು ಸೊಸೆಯನ್ನು ಒಲೆಯ ಹತ್ತಿರ ಬಿಡದೆ ತಾನೇ ಕೂತು ಕರ್ಚಿಕಾಯಿ ಕರಿದಳು. ಡಬ್ಬಿಯ ಮುಚ್ಚಳ ಕೂರದಷ್ಟು ತುಂಬಿ, ಬಿಸಿಲಲ್ಲಿ ತಾನೇ ಹೊತ್ತುಕೊಂಡು ಹೋದಳು. ಬಾಗಿಲಲ್ಲಿ ಕೊಡುವಾಗ ಬೇಕೆಂದೇ ಹೇಳಿದಳು.

“ಡಬ್ಬಿ ಕಳಸುವಾಗ ನಿನ್ನ ಕೈಲೆ ಮಾಡಿದ್ದು ಏನರ ಹಾಕು.”

“ಆತ್ರಿ ಅಕ್ಕಾ” ಎಂದಳು ತಬಸುಮ.

ಪಾಡ್ಯ ಕಳೆದ ಮೇಲೆ ಡಬ್ಬಿ ಬಂತು. ಬೂದಿ ಹಚ್ಚಿ ತಿಕ್ಕಿ ಫಳಫಳ ತೊಳೆದಿದ್ದರು. ಒಳಗೆ ಸಕ್ಕರೆ ಇತ್ತು.