ಪಕ್ಕದ ಮನೆಯ ಮೇಲೆ ಬಿದ್ದ ನೆರಳು

ಕಲಬುರಗಿಯ ಆ ಕಾಲೊನಿಯಲ್ಲಿ ಎಲ್ಲರೂ ತಮ್ಮ ತೇಲುಗಾಡಿಗಳನ್ನು ಮಾಳಿಗೆಯ ಗೂಟಕ್ಕೆ ಹಗ್ಗದಿಂದ ಕಟ್ಟಿ ಗಾಳಿಯಲ್ಲಿ ನಿಲ್ಲಿಸುತ್ತಿದ್ದರು. ಒಬ್ಬರ ಗಾಡಿಯ ನೆರಳು ಇನ್ನೊಬ್ಬರ ಮನೆಯ ಮೇಲೆ ಬೀಳಬಾರದೆಂಬುದು ಸಂಘದ ನಿಯಮ. ಶಾಲೆಯ ಮಕ್ಕಳನ್ನು ಒಯ್ಯುವ ರತ್ನಾಬಾಯಿಯ ತೇಲುವ್ಯಾನು ದೊಡ್ಡದು. ಹೊತ್ತು ವಾಲಿದರೆ ಅದರ ನೆರಳು ಪಕ್ಕದ ಗುರಮ್ಮನ ಮನೆಯನ್ನು ಮುಚ್ಚುತ್ತಿತ್ತು.

"ನಿಯಮ ಅಂದ್ರ ನಿಯಮ. ರತ್ನಾಬಾಯಿ, ನಾಳೆಯಿಂದ ವ್ಯಾನು ಊರಾಚೆ ಕಟ್ರಿ," ಎಂದರು ಸಭೆಯಲ್ಲಿ ಕಾರ್ಯದರ್ಶಿ ಬಿರಾದಾರರು.

ಹಾಸಿಗೆ ಹಿಡಿದ ಗಂಡನನ್ನು ಬಿಟ್ಟು ದಿನಾ ಅಷ್ಟು ದೂರ ಓಡಾಡುವುದು ರತ್ನಾಬಾಯಿಗೆ ಆಗದ ಮಾತು. ಗಾಡಿ ಮಾರುವುದೊಂದೇ ದಾರಿ ಎಂದುಕೊಂಡು ತಲೆ ತಗ್ಗಿಸಿದಳು. ಅಷ್ಟರಲ್ಲಿ ಗುರಮ್ಮ ಎದ್ದು ನಿಂತಳು. ತನ್ನ ಮೇಲೆ ದೂರು ಹೇಳುತ್ತಾಳೆಂದೇ ರತ್ನಾಬಾಯಿ ಅಂದುಕೊಂಡಳು.

"ನೆರಳು ಬೀಳೋದು ನನ್ನ ಮನಿ ಮ್ಯಾಲ. ಈ ಬಿಸಲಾಗ ನನ್ನ ಬಾಣಂತಿ ಮಗಳು, ಕೂಸು ಕಣ್ತುಂಬ ನಿದ್ದಿ ಮಾಡೋದು ಅದರಿಂದಾನೇ. ಆ ಗಾಡಿ ತೆಗಿಸಿದ್ರ ನಾ ತಕರಾರು ಮಾಡ್ತೀನಿ ನೋಡ್ರಿ."

ಬಿರಾದಾರರು ನಕ್ಕುಬಿಟ್ಟರು. "ನೀವೇ ಒಪ್ಪಿದ ಮ್ಯಾಲ ನಂದೇನದ?"

ಮರುದಿನ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ರತ್ನಾಬಾಯಿ ಮಾಳಿಗೆಯ ಮೇಲೆ ನಿಂತು, ವ್ಯಾನಿನ ಹಗ್ಗವನ್ನು ಗೂಟಕ್ಕೆ ಕಟ್ಟದೆ ಕೈಯಲ್ಲಿ ಹಿಡಿದುಕೊಂಡೇ ಗುರಮ್ಮನನ್ನು ಕೂಗಿ ಕೇಳಿದಳು:

"ಅಕ್ಕಾ, ಕೂಸು ಯಾವ ಕೋಣ್ಯಾಗ ಮಲಗ್ತದ?"