ಲಡ್ಡೋ, ಜಿಲೇಬಿಯೋ

"ಬೇಗ ಹೇಳಪ್ಪಾ, ಲಡ್ಡೋ, ಜಿಲೇಬಿಯೋ?" ಅತ್ತೆ ಅಂಗೂರಿ ಮುಂದಿನ ಸೀಟಿನಿಂದ ಕುತ್ತಿಗೆ ಚಾಚಿದಳು. ಲಡ್ಡು ಅಂದರೆ ಗಂಡು, ಜಿಲೇಬಿ ಅಂದರೆ ಹೆಣ್ಣು. ಜೀಂದ್ ಊರಾಚೆ ಕಬ್ಬಿನ ಗದ್ದೆಯ ಮರೆಯಲ್ಲಿ ನಿಂತಿದ್ದ ವ್ಯಾನಿನೊಳಗೆ, ನಾಲ್ಕು ತಿಂಗಳ ಬಸುರಿ ರಾಜಬಾಲಾಳ ಹೊಟ್ಟೆಗೆ ಜೆಲ್ ಸವರಿ ವ್ಯಾನಿನವನು ಸ್ಕ್ಯಾನಿಂಗ್ ಯಂತ್ರದ ಹಿಡಿ ಆಡಿಸುತ್ತಿದ್ದ. ಹೋದ ವರ್ಷ ಇದೇ ಸೀಟಿನಲ್ಲಿ ಅವನು ಜಿಲೇಬಿ ಅಂದಿದ್ದ. ಮಾರನೆಯ ದಿನವೇ ಅವಳ ಬಸಿರು ತೆಗೆಸಿದ್ದರು.

ಪರದೆ ನೋಡುತ್ತಿದ್ದವನು ಗಂಟಲು ಸರಿಮಾಡಿಕೊಂಡ. ರಾಜಬಾಲಾ ದಡಕ್ಕನೆ ಎದ್ದು ಕೂತು, ಅಂಗೈಯಿಂದ ಅವನ ಬಾಯನ್ನೇ ಮುಚ್ಚಿಬಿಟ್ಟಳು. "ಒಂದು ಮಾತು ಹೊರಗೆ ಬಂತೋ, ನಿನ್ನ ಗಾಡಿ ನಂಬರು ಠಾಣೆಗೆ ಹೋಗುತ್ತೆ. ಹೋದ ಸಲವೇ ಬಾಯಿಪಾಠ ಮಾಡ್ಕೊಂಡಿದೀನಿ."

"ಹುಚ್ಚು ಹಿಡೀತೇನೇ? ನನ್ನ ಮಗನಿಗೆ ಬೇರೆ ಮದುವೆ ಮಾಡ್ತೀನಿ, ನೋಡ್ತಿರು!" ಅಂಗೂರಿ ಕಿರುಚಿದಳು.

"ಮಾಡಿ, ಅತ್ತೆ. ಅವಳನ್ನೂ ಇಲ್ಲಿಗೇ ತಾನೇ ಕರ್ಕೊಂಡು ಬರೋದು? ಅವಳಿಗೂ ನಂಬರು ಹೇಳಿಕೊಡ್ತೀನಿ."

ಹೊಟ್ಟೆಯ ಮೇಲಿನ ಜೆಲ್ಲನ್ನು ಸೆರಗಿನಿಂದ ಒರೆಸಿಕೊಂಡು ಅವಳು ಕೆಳಗಿಳಿದಳು. ಹೆದರಿದ ಆ ಮನುಷ್ಯ ಅಂಗೂರಿಯನ್ನೂ ಇಳಿಸಿ, ಬಾಗಿಲು ಸರಿಯಾಗಿ ಹಾಕದೆಯೇ ವ್ಯಾನು ಓಡಿಸಿಕೊಂಡು ಹೋದ. ಮುಖಕ್ಕೆ ಮೆತ್ತಿದ ಧೂಳು ಕೊಡವಿಕೊಳ್ಳುತ್ತ ಅಂಗೂರಿ ಸೊಸೆಯ ಹಿಂದೆ ಓಡುನಡಿಗೆಯಲ್ಲಿ ಬಂದಳು. "ಹೆಣ್ಣೇ ಆದ್ರೆ ಏನ್ ಮಾಡ್ತೀಯೇ?"

ರಾಜಬಾಲಾ ತಿರುಗಿ ನೋಡಲಿಲ್ಲ. "ಹೆಸರಿಡ್ತೀನಿ," ಅಂದಳು.